ವಿಭೂತಿಯ ನಾಲ್ಕನೆಯ ಗೆರೆ

ಸೊರಬಕ್ಕೆ ಹೋಗುವ ಮೊದಲ ಬಸ್ಸು ಶಿಕಾರಿಪುರದ ನಿಲ್ದಾಣದಲ್ಲಿ ಗುರುಗುಡುತ್ತಾ ನಿಂತಿದೆ. ಮೂಡಣ ಈಗಷ್ಟೇ ಕೆಂಪಾಗುತ್ತಿದೆ. ಹತ್ತಲು ಬಂದ ಜನ ಹತ್ತದೆ ಎದುರಿನ ಸೈಕಲ್ ಅಂಗಡಿಯತ್ತ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಾರೆ. ಅಲ್ಲಿ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಸೆರಗನ್ನು ಸೊಂಟಕ್ಕೆ ಬಿಗಿದು, ಒಂದೇ ಗಾಲಿಯ ಸೈಕಲ್ಲೊಂದನ್ನು ಗೋಡೆಗೆ ಆನಿಸಿ, ಅದರ ಸೀಟಿನ ಮೇಲೆ ಎರಡೂ ಕೈ ಊರಿ ಮೈಭಾರವನ್ನೆಲ್ಲ ಹಾಕಿ ಅದುಮುತ್ತಿದ್ದಾಳೆ.

"ಏನಮ್ಮಾ, ಇನ್ನೊಂದು ಗಾಲಿ ಎಲ್ಲಿ ಕಳಕಂಡೆ?" ಎಂದು ಬಸ್ಸಿನ ಕಿಟಕಿಯಿಂದ ಒಬ್ಬ ಕೂಗುತ್ತಾನೆ.

"ನಿಮ್ಮ ಬಸ್ಸಿಗೇ ಹಾಕ್ಯಾರಂತೆ. ಇಳಿದು ನೋಡ್ರಿ" ಎನ್ನುತ್ತಾಳೆ ಆಕೆ, ತಲೆ ಎತ್ತದೆ.

ಇವರು ಈಶ್ವರಮ್ಮ. ಅಂಗಡಿ ಮೈದುನ ಹೂವಪ್ಪನದು. ಊರವರ ಸೈಕಲ್ಲುಗಳ ಪಂಚರು ಹಾಕುವುದು, ಡೊಂಕಾದ ಗಾಲಿ ನೆಟ್ಟಗೆ ಮಾಡುವುದು ಹಗಲಿನ ಕೆಲಸ. ಆದರೆ ಸುಗ್ಗಿ ಮುಗಿದ ಮೇಲೆ ಊರೂರು ತಿರುಗಿ ಸೈಕಲ್ ಆಟ ತೋರಿಸುವ ತಂಡದವರು ಇಲ್ಲಿಗೆ ಬರುತ್ತಾರೆ. ಮುಂಬಯಿಯಿಂದ ತರಿಸುವ ಒಂಟಿ ಗಾಲಿ ಅವರ ಕೈಗೆ ಎಟಕುವುದಿಲ್ಲ. ಹಳೆಯ ಸೈಕಲ್ಲುಗಳನ್ನು ಬಿಚ್ಚಿ, ಮುಂದಿನ ಗಾಲಿಯನ್ನು ಹಿಡಿಯುವ ಕಬ್ಬಿಣದ ಕವಲಿಗೆ ಸೀಟು ಕೂರಿಸಿ, ಗಾಲಿಯ ನಡುವೆ ಕಡ್ಡಿಗಳೆಲ್ಲ ಸೇರುವ ಗುಂಬಕ್ಕೇ ಪೆಡಲು ಬೆಸೆದು ಹೂವಪ್ಪ ಮಾಡಿಕೊಡುವ ಅಗ್ಗದ ಸೈಕಲ್ಲೇ ಅವರಿಗೆ ಗತಿ. ಅದು ಮೇಲೆ ಕೂತವರನ್ನು ಹೊರುತ್ತದೋ ಕೆಡವುತ್ತದೋ ಎಂದು ಹೇಳುವವರು ಈಶ್ವರಮ್ಮ.

ಗಾಲಿಯನ್ನು ಎತ್ತಿ ತಿರುಗಿಸಿ ಅಂಚಿಗೆ ಹೆಬ್ಬೆರಳ ಉಗುರು ಹಿಡಿಯುತ್ತಾರೆ. ಉಗುರಿಗೆ ಒಂದು ಕಡೆ ತಾಗಿ ಇನ್ನೊಂದು ಕಡೆ ತಾಗದಿದ್ದರೆ ಗಾಲಿ ಸೊಟ್ಟ. ಕಡ್ಡಿಗಳನ್ನು ಒಂದೊಂದಾಗಿ ಮೀಟುತ್ತಾರೆ. ಸಡಿಲವಾದ ಕಡ್ಡಿ ಮಂಕಾಗಿ ಉಲಿಯುತ್ತದೆ. ಎರಡೂ ಪೆಡಲುಗಳನ್ನು ಹಿಡಿದು ಹಿಂದೆ ಮುಂದೆ ಅಲ್ಲಾಡಿಸುತ್ತಾರೆ. "ಎರಡು ಗಾಲಿ ಇದ್ರೆ ಒಂದು ಮೋಸ ಮಾಡಿದ್ರೂ ಇನ್ನೊಂದು ಹಿಡಕಂತದ. ಇದಕ್ಕೆ ಯಾರದಾರೆ? ಪೆಡಲು ಎಳ್ಳುಕಾಳಿನಷ್ಟು ಅಲುಗಾಡಿದ್ರೂ ಮೇಲೆ ಕೂತೋಳ ಮೈ ಮೊಳ ವಾಲ್ತದ" ಎನ್ನುತ್ತಾರೆ.

ಕೊನೆಯದು ಕವಲಿನ ಕತ್ತು, ಅದರ ಎರಡು ಕಾಲುಗಳು ಸೇರುವ ಜಾಗ. ಬಣ್ಣವಿದ್ದರೆ ಅಲ್ಲಿ ಕೆರೆದು ತೆಗೆದು, ಸೀಮೆಎಣ್ಣೆ ಸವರಿ, ಒಂದಿಷ್ಟು ಬೇರೆ ಕೆಲಸ ಮುಗಿಸಿ ಬಂದು ಬಟ್ಟೆಯಿಂದ ಚೆನ್ನಾಗಿ ಒರೆಸುತ್ತಾರೆ. ಆಮೇಲೆ ಒಣ ವಿಭೂತಿ ಉದುರಿಸುತ್ತಾರೆ. ಕಬ್ಬಿಣ ಗಟ್ಟಿಯಿದ್ದರೆ ವಿಭೂತಿ ಬೆಳ್ಳಗೇ ಇರುತ್ತದೆ. ಒಳಗೆ ಬಿರುಕಿದ್ದರೆ ಅದರಲ್ಲಿ ಇಳಿದು ಕೂತ ಎಣ್ಣೆ ಮೆಲ್ಲಗೆ ಹೊರಬಂದು, ಬಿಳಿಯ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಮೂಡುತ್ತದೆ.

ಆ ಗೆರೆಯನ್ನು ಅವರು ಮೊದಲು ಕಂಡದ್ದು ಸೊರಬದಲ್ಲಿ. ಗಂಡ ಕಲ್ಲಪ್ಪ ಆಟದ ತಂಡದಲ್ಲಿ ಒಂಟಿ ಗಾಲಿ ಓಡಿಸುತ್ತಿದ್ದರು. ಎರಡು ಎತ್ತಿನ ಗಾಡಿಗಳ ಮೇಲೆ ಹಲಗೆ ಹಾಸಿ, ಅದರ ಮೇಲೆ ಹೋಗಿ ಬರುವುದು ಅವರ ಆಟ. ಹೊಸದಾಗಿ ಕೊಂಡ ಸೈಕಲ್ಲನ್ನು ಮಾರಿದವನೇ ಸೀಮೆಎಣ್ಣೆಯಲ್ಲಿ ಒರೆಸಿ ಫಳಫಳ ಹೊಳೆಯುವಂತೆ ಮಾಡಿಕೊಟ್ಟಿದ್ದ. ಆಟಕ್ಕೆ ಮುಂಚೆ ಪೂಜೆ ಆಯಿತು. ಕವಲಿನ ಕತ್ತಿಗೆ ಬಳಿದ ಮೂರು ಬೆರಳಿನ ವಿಭೂತಿ ಒಣಗುತ್ತಿದ್ದಂತೆ ಮೂರೂ ಗೆರೆಗಳನ್ನು ಓರೆಯಾಗಿ ಸೀಳಿ ನಾಲ್ಕನೆಯ ಗೆರೆಯೊಂದು ತಾನಾಗಿ ಮೂಡಿತು.

"ನೋಡ್ರೋ, ಶಿವನೇ ಒಂದು ಗೆರೆ ಎಳದಾನ!" ಎಂದು ಕಲ್ಲಪ್ಪ ನಕ್ಕರು. ಎಲ್ಲರೂ ಕೈ ಮುಗಿದರು. ಈಶ್ವರಮ್ಮನೂ ಮುಗಿದರು. ಹಲಗೆಯ ನಡುವೆ ಕವಲು ಎರಡಾಯಿತು. ಕಲ್ಲಪ್ಪ ಮತ್ತೆ ಏಳಲಿಲ್ಲ.

ಮುರಿದ ಕವಲನ್ನು ಈಶ್ವರಮ್ಮ ಮನೆಗೆ ತಂದರು. ಯಾಕೆ ತಂದೆ ಎಂದು ಅವರಿಗೇ ಗೊತ್ತಿರಲಿಲ್ಲ. ತುಕ್ಕು ಹಿಡಿಯದಿರಲೆಂದು ಆಗಾಗ ಸೀಮೆಎಣ್ಣೆಯಲ್ಲಿ ಒರೆಸಿಡುತ್ತಿದ್ದರು. ಒಂದು ಬೆಳಿಗ್ಗೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡ ಕೈಯಲ್ಲೇ ಅದನ್ನು ಎತ್ತಿ ಬೇರೆ ಕಡೆ ಇಟ್ಟರು. ಕೈಯ ಬೂದಿ ಕಬ್ಬಿಣಕ್ಕೆ ಅಂಟಿತು. ಮುರಿಯದೆ ಉಳಿದಿದ್ದ ಭಾಗದಲ್ಲಿ, ಕಣ್ಣೆದುರೇ, ಮತ್ತೊಂದು ಕಪ್ಪು ಗೆರೆ ಎದ್ದಿತು.

"ಉಗುರಿಂದ ಕೆರೆದೆ, ಸೂಜಿ ಮೊನೆ ಇಟ್ಟೆ, ಒಳಕ್ಕೆ ಇಳೀತು. ಬಿರುಕು ಅದು. ಹಂಗಾದ್ರೆ ಅವತ್ತು ಕಬ್ಬಿಣ ನಮಗೆ ಹೇಳ್ತಿತ್ತು. ನಾವು ಬಿರುಕಿಗೆ ಕೈ ಮುಗದ್ವಿ." ಇಷ್ಟು ಹೇಳುವಾಗ ಈಶ್ವರಮ್ಮ ಅಳುವುದಿಲ್ಲ. ಈಗಲೂ ನಂಬಲಾಗದವರಂತೆ ತಮ್ಮ ಅಂಗೈಗಳನ್ನೇ ನೋಡಿಕೊಳ್ಳುತ್ತಾರೆ.

ಹೀಗೆ ಮೈದುನನ ಅಂಗಡಿಯಲ್ಲಿ ಸೈಕಲ್ಲು ನೋಡುವ ಕೆಲಸ ಕೈಗೆ ಬಂತು. ಆದರೆ ಅದಕ್ಕೊಂದು ಹೊತ್ತಿತ್ತು. ಕೊಳ್ಳುವವರು ಬರುವ ಮೊದಲೇ, ನಸುಕಿನಲ್ಲಿ, ನೋಡಿ ಮುಗಿಸಬೇಕು. ಅವರು ತೆಂಗಿನಕಾಯಿ ಹಿಡಿದು ಬಂದರೆ ಒಳಕೋಣೆಗೆ ಸರಿಯಬೇಕು. ಗಂಡ ಸತ್ತವಳು ಪೂಜೆಗೆ ಎದುರಾಗಬಾರದು. ಹೂವಪ್ಪ ಒಳ್ಳೆಯವನೇ. "ನಾನೇನು ಅಂದಿಲ್ಲ ಅತ್ತಿಗೆ, ಬಂದೋರು ಅಂತಾರೆ" ಎನ್ನುತ್ತಿದ್ದ. ಕೈಯಲ್ಲಿ ಗಾಲಿಯ ಕಡ್ಡಿ ಹಿಡಿದಿದ್ದಂತೆಯೇ ಬಾಗಿಲ ಹಿಂದೆ ನಿಂತು, ಕಾಯಿ ಒಡೆಯುವ ಸದ್ದನ್ನು ಈಶ್ವರಮ್ಮ ಕೇಳುತ್ತಿದ್ದರು. ತಾನು ಗಟ್ಟಿ ಎಂದು ಹೇಳಿದ ಸೈಕಲ್ಲಿಗೆ ತನ್ನ ನೋಟವೇ ಕೇಡು ಎಂಬುದು ಅವರಿಗೆ ಅರ್ಥವಾಗುತ್ತಿರಲಿಲ್ಲ. ಯಾರನ್ನೂ ಕೇಳಲೂ ಇಲ್ಲ.

ಹೋದ ವರ್ಷ ಶಾಂತವೀರಪ್ಪ ಎಂಬ ಆಟದ ತಂಡದ ಯಜಮಾನ ಹೇಳಿದ ದಿನಕ್ಕಿಂತ ಮುಂಚೆಯೇ ಬಂದಿಳಿದರು. ಜೊತೆಗೆ ತಂಗಿ ಲೋಕಮ್ಮ. ಅಂದು ಸಂಜೆಯೇ ಸೊರಬದಲ್ಲಿ ಹಲಗೆಯ ಮೇಲೆ ಓಡಿಸುವವಳು ಅವಳೇ. ಹೂವಪ್ಪ ಹಿಂದಿನ ಸಂಜೆಯಷ್ಟೇ ಮುಗಿಸಿದ್ದ ಸೈಕಲ್ಲನ್ನು ಸೀಮೆಎಣ್ಣೆಯಲ್ಲಿ ಉಜ್ಜಿ ಹೊರಗಿಟ್ಟ. ಈಶ್ವರಮ್ಮ ಅದನ್ನಿನ್ನೂ ಮುಟ್ಟಿರಲಿಲ್ಲ.

"ತಡೀ ಹೂವಪ್ಪ, ನಾನು ನೋಡಿಲ್ಲ" ಎಂದರು.

"ಕಾಯಿ ತಂದಾರೆ ಅತ್ತಿಗೆ. ಪೂಜೆ ಆಗ್ಲಿ, ಆಮೇಲೆ ನೋಡೀಯಂತೆ. ಒಳಗೆ ನಡೀ."

ಬಾಗಿಲ ಸಂದಿಯಿಂದ ಅವರು ನೋಡಿದರು. ಗಾಲಿಯ ಕೆಳಗೆ ನಿಂಬೆಹಣ್ಣು. ಸೀಟಿಗೆ ಹೂವಿನ ಮಾಲೆ. ಕವಲಿನ ಕತ್ತಿಗೆ ಮೂರು ಬೆರಳಿನ ವಿಭೂತಿ. ಅದು ಒಣಗಿ ಬೆಳ್ಳಗಾಯಿತು. ಆಮೇಲೆ ಓರೆಯಾಗಿ, ಯಾರೂ ಎಳೆಯದ ಗೆರೆಯೊಂದು ಮೂರನ್ನೂ ಸೀಳಿಕೊಂಡು ಬಂತು.

"ಲೋಕಿ, ನೋಡಿಲ್ಲಿ! ಸ್ವಾಮಿ ತಾನೇ ಗೆರೆ ಎಳದಾನ!" ಎಂದು ಶಾಂತವೀರಪ್ಪ ಕೈ ಮುಗಿದರು. ಲೋಕಮ್ಮ ಕಣ್ಣಿಗೊತ್ತಿಕೊಂಡು ಪೆಡಲಿನ ಮೇಲೆ ಕಾಲಿಟ್ಟಳು.

ಕಲ್ಲಪ್ಪ ಅಂದಿದ್ದ ಅದೇ ಮಾತು. ಮರುಗಳಿಗೆ ತಾನು ಬಾಗಿಲು ದಾಟಿದ್ದು ಈಶ್ವರಮ್ಮನಿಗೇ ನೆನಪಿಲ್ಲ.

"ಇಳಿಯವ್ವಾ! ಹತ್ತಬ್ಯಾಡ!"

ಎಲ್ಲರೂ ಬೆಚ್ಚಿಬಿದ್ದರು. ಹೂವಪ್ಪ ಮಂಗಳಾರತಿಯ ತಟ್ಟೆಯನ್ನು ಕೆಳಗಿಟ್ಟ. "ಅತ್ತಿಗೆ, ಏನಿದು? ಒಳಗೆ ಹೋಗು!"

"ಏನ್ರಿ ಹೂವಪ್ಪ, ಮುಂಜಾನೆ ಮುಂಜಾನೆ ಇವರನ್ನ ಎದುರಿಗೆ ಬಿಟ್ಟೀರಲ್ಲ!" ಶಾಂತವೀರಪ್ಪನ ಮುಖ ಕೆಂಪಾಯಿತು. "ಶುಭದ ಕೆಲಸ ಇದು."

"ಅದು ಗೆರೆ ಅಲ್ರೀ, ಬಿರುಕು. ನನ್ನ ಗಂಡ ಬಿದ್ದದ್ದು ಇಂಥದ್ರಿಂದಲೇ."

"ಪೂಜೆ ಆದ ಸಾಮಾನಿಗೆ ಅಪಶಕುನ ನುಡೀಬ್ಯಾಡ್ರಿ!"

ಈಶ್ವರಮ್ಮ ಲೋಕಮ್ಮನನ್ನು ತೋಳು ಹಿಡಿದು ಆಚೆ ಸರಿಸಿದರು. ಸುತ್ತಿಗೆ ಎತ್ತಿಕೊಂಡರು. ಮಾಲೆ ಹಾಕಿದ, ಆರತಿ ಬೆಳಗಿದ ಸೈಕಲ್ಲಿನ ಕತ್ತಿಗೆ ಬೀಸಿ ಹೊಡೆದರು. ಯಾರೋ "ಅಯ್ಯೋ ಶಿವನೇ" ಎಂದು ಕಿರುಚಿದರು. ಕವಲಿಗೆ ಏನೂ ಆಗಲಿಲ್ಲ. ತನ್ನ ಮಾತು ತಪ್ಪಾಗಿದ್ದರೆ ಇನ್ನು ಈ ಅಂಗಡಿಯಲ್ಲೂ ಜಾಗವಿಲ್ಲ, ಊರಲ್ಲೂ ಇಲ್ಲ. ಮತ್ತೊಮ್ಮೆ ಹೊಡೆದರು. ವಿಭೂತಿಯ ಗೆರೆ ಎಲ್ಲಿತ್ತೋ ಅಲ್ಲೇ ಕಬ್ಬಿಣ ಬಾಯಿಬಿಟ್ಟಿತು. ಸೀಟು, ಮಾಲೆ ಎಲ್ಲ ನೆಲಕ್ಕೆ ಬಿದ್ದವು. ಒಡೆದ ಅಂಚಿನಲ್ಲಿ ಹೊಸ ಕಬ್ಬಿಣ ಹೊಳೆದದ್ದು ಒಂದು ಬೆರಳಗಲ ಮಾತ್ರ. ಮಿಕ್ಕಿದ್ದೆಲ್ಲ ಹಳೆಯ ತುಕ್ಕು.

ಶಾಂತವೀರಪ್ಪ ತಲೆಯ ಮೇಲೆ ಕೈ ಹೊತ್ತು ಜಗಲಿಯಲ್ಲಿ ಕುಕ್ಕರಿಸಿದರು. ಲೋಕಮ್ಮ ಆ ತುಕ್ಕನ್ನು ಬೆರಳಿಂದ ಮುಟ್ಟಿ ನೋಡಿದಳು. ಬೆರಳು ಕೆಂಪಾಯಿತು. ಈಶ್ವರಮ್ಮನ ಕಡೆ ತಿರುಗಿದಳು. "ಅಕ್ಕಾ, ಅಲ್ಲಿ ಗೋಡೆಗೆ ಇನ್ನೊಂದು ನಿಂತೈತಲ್ಲ, ಅದನ್ನ ನೀನು ಮುಟ್ಟಿ ನೋಡು. ನೀನು ಮುಟ್ಟೋ ತನಕ ನಾನು ಹತ್ತಲ್ಲ. ಅಣ್ಣಾ, ಅಲ್ಲೀತನಕ ಕಾಯಿ ಒಡೀಬ್ಯಾಡ, ಹಿಡಕಂಡು ನಿಂತಿರು."

ಶಾಂತವೀರಪ್ಪ ಎದ್ದು ಕಾಯಿ ಹಿಡಿದುಕೊಂಡು ನಿಂತರು. ಆ ಸಂಜೆ ಲೋಕಮ್ಮ, ಈಶ್ವರಮ್ಮ ನೋಡಿ ಗಟ್ಟಿ ಎಂದ ಆ ಸೈಕಲ್ಲಿನಲ್ಲೇ, ಸೊರಬದಲ್ಲಿ ಹಲಗೆಯ ಮೇಲೆ ಹೋಗಿ ಬಂದಳು. ಈಶ್ವರಮ್ಮ ನೋಡಲು ಹೋಗಲಿಲ್ಲ. ಮರುದಿನದ ಬಸ್ಸಿನಲ್ಲಿ ಬಂದ ಯಾರೋ "ಹುಡುಗಿ ಚಂದ ಓಡಿಸಿದ್ಲು" ಎಂದಾಗ, ಕೈಯಲ್ಲಿದ್ದ ಗಾಲಿಯನ್ನು ಕೆಳಗಿಟ್ಟು ಒಳಗೆ ಹೋಗಿ ಒಂದು ತಂಬಿಗೆ ನೀರು ಕುಡಿದರಂತೆ.

ಸುದ್ದಿ ತಂಡದಿಂದ ತಂಡಕ್ಕೆ ಹರಡಿದೆ. ಎಲ್ಲೇ ಕೊಂಡಿರಲಿ, ಒಂಟಿ ಗಾಲಿಯನ್ನು ಬಸ್ಸಿನ ಮೇಲೆ ಹಾಕಿಕೊಂಡು ಶಿಕಾರಿಪುರಕ್ಕೆ ಬರುತ್ತಾರೆ. ಹೂವಪ್ಪನೂ ಬದಲಾಗಿದ್ದಾನೆ. ಅಡ್ಡಾದಿಡ್ಡಿ ಕಬ್ಬಿಣ ತಂದರೆ ಅತ್ತಿಗೆಯ ಸುತ್ತಿಗೆ ನೆನಪಾಗುತ್ತದೆ ಎಂದು ತಾನೇ ಹೇಳಿಕೊಂಡು ನಗುತ್ತಾನೆ.

ಬಸ್ಸು ಹೊರಟುಹೋಯಿತು. ಬಿಸಿಲು ಅಂಗಡಿಯೊಳಗೆ ಬಂದಿದೆ. ಈಶ್ವರಮ್ಮ ಕವಲಿನ ಕತ್ತಿನ ಮೇಲಿನ ವಿಭೂತಿಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಬೆಳ್ಳಗಿದೆ. ತಲೆಯಾಡಿಸುತ್ತಾರೆ. ಅಷ್ಟು ಹೊತ್ತೂ ಮೆಟ್ಟಿಲ ಕೆಳಗೆ ತೆಂಗಿನಕಾಯಿ ಹಿಡಿದು ನಿಂತಿದ್ದ ಆಟದವನು ಈಗ ಮೇಲೆ ಹತ್ತುತ್ತಾನೆ. ಈಶ್ವರಮ್ಮ ಒಳಕೋಣೆಗೆ ಹೋಗುವುದಿಲ್ಲ. ಅಲ್ಲೇ ಗೋಡೆಗೆ ಒರಗಿ ಕೈ ಒರೆಸಿಕೊಳ್ಳುತ್ತಾ ನಿಲ್ಲುತ್ತಾರೆ.

"ಮೊದ್ಲು ಪೂಜೆ ಮುಗಿದ ಮೇಲೆ ನನ್ನ ಹೊರಗೆ ಕರೀತಿದ್ರು" ಎನ್ನುತ್ತಾರೆ, ಕಾಯಿ ಒಡೆಯುವುದನ್ನೇ ನೋಡುತ್ತಾ. "ಈಗ ನಾನು ಮುಟ್ಟಿ ಆದ ಮೇಲೆ ದೇವರನ್ನ ಕರೀತಾರೆ."