ಮೂರು ದಾಳ, ಹನ್ನೆರಡು ಅತ್ಯುತ್ತಮರು

ದುವ್ವಾಡದಲ್ಲಿ ವಿಜಯವಾಡದ ರೈಲು ಹತ್ತಿದಾಗ, ಎದುರು ಸೀಟಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಮೂರು ದಾಳ ಉರುಳಿಸಿ, ಬಿದ್ದದ್ದನ್ನು ಕೂಡಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಗೆಳತಿಯರು ಒಂದೊಂದು ಪಾತ್ರವಾಗಿ ಆಡುವ ಕಥೆಯಾಟವಂತೆ. ಪಾತ್ರದ ಬಲ ಎಷ್ಟು, ಬುದ್ಧಿ ಎಷ್ಟು ಎಂದು ದಾಳವೇ ಹೇಳಬೇಕಂತೆ.

"ಮೂರು ಯಾಕಮ್ಮಾ?" ಎಂದೆ.

"ಮೂರು ಹಾಕಿದರೆ ಹೆಚ್ಚಿನವರು ಹತ್ತು ಹನ್ನೊಂದರ ಹತ್ತಿರವೇ ಬರ್ತಾರೆ. ಹದಿನೆಂಟು ಅಪರೂಪ. ಜನರೂ ಹಾಗೇ ಅಲ್ವಾ ಸಾರ್?" ಎಂದಳು ತೆಲುಗಿನಲ್ಲಿ.

ಕಾರ್ಖಾನೆಯಲ್ಲಿ ತಂತಿ ಎಳೆದು ತುಂಡರಿಸಿ ಬಲ ಅಳೆಯುವವನು ನಾನು. ತಂತಿಗಳೂ ಹಾಗೇ ಎಂದು ಹೇಳಿ ಸುಮ್ಮನಿರಬಹುದಿತ್ತು. ಕೈಯಲ್ಲಿದ್ದ ಫೈಲು ಏನೆಂದು ಅವಳು ಕೇಳಿದ್ದಕ್ಕೆ, ನನ್ನ ಕೈಕೆಳಗಿನ ಹನ್ನೆರಡು ಜನರ ಕೆಲಸಕ್ಕೆ ದರ್ಜೆ ಹಾಕುವ ವಾರ್ಷಿಕ ವರದಿ ಎಂದುಬಿಟ್ಟೆ.

"ಅದರಲ್ಲಿ ಸಾಧಾರಣ ಎಷ್ಟು ಜನ?"

"ಯಾರೂ ಇಲ್ಲ. ಎಲ್ಲರೂ ಅತ್ಯುತ್ತಮ."

ನಮ್ಮೆಲ್ಲರದ್ದೂ ಕಾರ್ಖಾನೆಯ ಒಂದೇ ಕಾಲನಿ, 'ಸಾಧಾರಣ' ಎಂದು ಬರೆದು ಸಂಜೆ ಅವರ ಮನೆ ಮುಂದೆ ವಾಕಿಂಗ್ ಹೋಗುವುದು ಹೇಗೆ ಎಂದು ಅವಳಿಗೆ ಹೇಳಲಿಲ್ಲ.

ಅವಳು ದಾಳಗಳನ್ನು ನನ್ನ ಅಂಗೈಗೆ ಹಾಕಿದಳು. "ಹನ್ನೆರಡು ಸಲ ಹದಿನೆಂಟು ಬೇಡ ಸಾರ್. ಒಂದು ಸಲ ಬೀಳಿಸಿ ಸಾಕು."

ರಾಜಮಂಡ್ರಿ ದಾಟುವವರೆಗೂ ಹಾಕಿದೆ. ಬೀಳಲಿಲ್ಲ.

ಆದರೂ ವರದಿ ತಿದ್ದಲಿಲ್ಲ. ಆ ವರ್ಷ ನಾನೂ ಅತ್ಯುತ್ತಮನೇ ಆಗಿರಬೇಕು. ನನ್ನ ವರದಿ ಬರೆಯುವ ಸಾಹೇಬರದ್ದು ನಮ್ಮ ಪಕ್ಕದ ಮನೆ.