ಸೋಲಾಂಜ್ ಚೆಲ್ಲಿದ ಹೂಜಿ

ಸೋಲಾಂಜ್ ಅಜೆಮಾಳಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ಕೋರ್ಬಿಯೇರ್ ಗುಡ್ಡಗಳ ಗಾಳಿಯಲ್ಲಿ ನಲವತ್ತನಾಲ್ಕು ಚಳಿಗಾಲ ಬಗ್ಗಿ ನಿಂತು ದ್ರಾಕ್ಷಿಬಳ್ಳಿ ಕತ್ತರಿಸಿ ಚಾಟನಿ ಮಾಡಿದ ಬೆನ್ನು ಅವರದಾಗಿದ್ದರೆ ಅವರಿಗೂ ಇರುತ್ತಿತ್ತು.

ಹದಿನೇಳಕ್ಕೆ ಕತ್ತರಿ ಹಿಡಿದು ಫೊಂತರೆಲ್ ಮನೆತನದ ತೋಟಕ್ಕೆ ಬಂದವಳು ಅವಳು. ಕಲ್ಲುದಿಬ್ಬದ ಮೇಲಿನ ಕರಿನ್ಯಾನ್ ದ್ರಾಕ್ಷಿಯನ್ನು ನೆಟ್ಟವನು ಅವಳ ಅಪ್ಪ, ಅವಳು ಹುಟ್ಟಿದ ವರ್ಷವೇ. ಈಗ ಅವಕ್ಕೂ ಅರವತ್ತೊಂದು, ಇವಳಿಗೂ ಅರವತ್ತೊಂದು. ತಂತಿಯ ಆಸರೆಯಿಲ್ಲದೆ ಮೊಣಕಾಲೆತ್ತರಕ್ಕೆ ನಿಂತ ಆ ಗಂಟುಗಂಟಾದ ಬುಡಗಳಲ್ಲಿ ಯಾವುದು ಯಾವ ಕಡೆ ವಾಲುತ್ತದೆಂದು ಅವಳು ಕಣ್ಣು ಮುಚ್ಚಿಕೊಂಡು ಹೇಳುತ್ತಾಳೆ.

ಫೊಂತರೆಲ್‌ನವರು ಆರು ತಲೆಮಾರಿನಿಂದ ಮಾಡುತ್ತಿರುವುದು ಒಂದೇ ಕೆಂಪು ವೈನು. ಬಾಟಲಿಗೆ ಆರು ಯೂರೋ. ಗಾರೆಯವನೂ ಅಂಚೆಯವಳೂ ಹಿಂದೆಮುಂದೆ ನೋಡದೆ ಕೊಳ್ಳುವಂಥದ್ದು. ಅದರ ಒಗರು, ಖದರು ಎಲ್ಲ ಬರುವುದು ಆ ಕಲ್ಲುದಿಬ್ಬದಿಂದಲೇ.

ಈ ಮನೆಗೊಂದು ಕಟ್ಟುಪಾಡಿದೆ. ಪ್ರತಿ ಫೆಬ್ರುವರಿಯಲ್ಲಿ, ಬಾಟಲಿಗೆ ತುಂಬುವ ಮೊದಲು, ಹೊಸ ವೈನನ್ನು ಮಣ್ಣಿನ ಹೂಜಿಯಲ್ಲಿ ಆಳುಗಳ ಊಟದ ಮೇಜಿಗೆ ಇಡಬೇಕು. ಯಜಮಾನ ಅಲ್ಲಿ ನಿಲ್ಲುವ ಹಾಗಿಲ್ಲ. ಕುಡಿದವರು ಅದರ ಬಗ್ಗೆ ಯಜಮಾನನ ಎದುರು ತುಟಿ ಬಿಚ್ಚುವ ಹಾಗಿಲ್ಲ. ಅವನು ತಿರುಗಿ ಬಂದಾಗ ಹೂಜಿ ಖಾಲಿಯಿದ್ದರೆ ವೈನು ಬಾಟಲಿಗೆ ಹೋಗುತ್ತದೆ, ಉಳಿದಿದ್ದರೆ ಮತ್ತೆ ಹದ ಮಾಡಬೇಕು. ಬಾಟಲಿಯ ಹಿಂದಿನ ಚೀಟಿಯಲ್ಲೂ ಇದನ್ನೇ ಅಚ್ಚು ಹಾಕಿಸಿದ್ದಾರೆ. ಇನ್ನೊಂದು ನಿಯಮ ಚೀಟಿಯಲ್ಲಿಲ್ಲ: ಬೇಕೆಂದೇ ವೈನನ್ನು ನೆಲಕ್ಕೆ ಚೆಲ್ಲಿದವರು ಆ ದಿನವೇ ಕೆಲಸ ಬಿಡಬೇಕು. ಹನ್ನೆರಡು ವರ್ಷದ ಕೆಳಗೆ ಎನ್‌ಕಾರ್ನಾ ಎಂಬ ಸ್ಪೇನಿನ ಹೆಂಗಸು ಸಿಟ್ಟಿನಲ್ಲಿ ಒಂದು ಲೋಟ ಚೆಲ್ಲಿದ್ದಳು. ಅಳುತ್ತಿದ್ದವಳನ್ನು ಬಸ್ಸು ಹತ್ತಿಸಿ ಬಂದವಳು ಸೋಲಾಂಜ್. ಆಗ ಅವಳ ಮನಸ್ಸು ಒಂದಿಷ್ಟೂ ಕರಗಿರಲಿಲ್ಲ.

ಹಳೇ ಯಜಮಾನ ತೀರಿಕೊಂಡ ಮೇಲೆ ಮೊಮ್ಮಗ ಬಾಸ್ತಿಯಾಂ ಬಂದ. ಬಂದವನೇ, ಈಗಿನ ಜನಕ್ಕೆ ಮೆತ್ತಗಿನ ವೈನು ಬೇಕು, ಕರಿನ್ಯಾನ್ ಬೇಡ ಎಂದ. ಹೊಸ ಹದ ಮೇಜಿನಲ್ಲಿ ಗೆದ್ದರೆ ಸೋಮವಾರವೇ ಕಲ್ಲುದಿಬ್ಬ ಕೀಳಿಸುತ್ತೇನೆ ಎಂದ. ಗೆಲ್ಲುವ ಮೊದಲೇ ಅಗೆಯುವ ಯಂತ್ರವನ್ನು ತರಿಸಿ ದಿಬ್ಬದ ಬುಡದಲ್ಲಿ ನಿಲ್ಲಿಸಿದ್ದ, ಭಂಡ!

ಶುಕ್ರವಾರ ಮಧ್ಯಾಹ್ನ ಕತ್ತರಿಸಿದ ಬಳ್ಳಿಗಳ ಬೆಂಕಿಯಲ್ಲಿ ಸಾಸೇಜು ಸುಡುತ್ತಿತ್ತು. ಬಾಸ್ತಿಯಾಂ ಹೂಜಿ ಇಟ್ಟು ಜೀಪು ಹತ್ತಿ ಹೋದ. ಟ್ರ್ಯಾಕ್ಟರಿನ ಗಾಸ್ತೊಂ ಮೊದಲ ಗುಟುಕು ಕುಡಿದು ಮುಖ ಹಿಂಡಿದ.

"ಏನೋ ಅದು?" ಎಂದಳು ಸೋಲಾಂಜ್.

"ನೀನೇ ನೋಡು. ನನ್ನ ಹೆಂಡ್ತಿ ಹಬ್ಬಕ್ಕೆ ಮಾಡೋ ಕೇಕು ಹಿಂಗೇ ಇರುತ್ತೆ."

ಅವಳು ಬಾಯಿಗಿಟ್ಟಳು. ಮರದ ಚಕ್ಕೆ ನೆನೆಸಿದ ವಾಸನೆ, ಅದರ ಮೇಲೆ ಸಿಹಿ. ಒಗರು ಎಲ್ಲಿ? ಅಪ್ಪನ ಗಿಡ ಎಲ್ಲಿ? ಪಿತ್ತ ನೆತ್ತಿಗೇರಿತು.

"ಥೂ! ಇದನ್ನ ಕುಡಿಯೋಕೆ ನಲವತ್ತನಾಲ್ಕು ವರ್ಷ ಸೊಂಟ ಮುರ್ಕೊಂಡೆನಾ ನಾನು?"

ಗಾಸ್ತೊಂ "ಏ, ಏ!" ಎನ್ನುವಷ್ಟರಲ್ಲಿ ಹೂಜಿ ಎತ್ತಿ ಬೆಂಕಿಗೆ ಸುರಿದೇಬಿಟ್ಟಳು. ಚುರ್ರೆಂದು ಕೆಂಡ ಆರಿತು. ಬೂದಿ ಸಾಸೇಜಿನ ಮೇಲೆಲ್ಲ ಹಾರಿತು.

ಆಗಲೇ ಜೀಪು ವಾಪಸು ಬಂತು. ಬಾಸ್ತಿಯಾಂ ಇಳಿದು ಹೂಜಿಯೊಳಗೆ ಇಣುಕಿದ. ಅವನ ಮುಖ ಅರಳಿತು.

"ಖಾಲಿ! ಒಂದು ಹನಿನೂ ಇಲ್ಲ! ನಂಗೊತ್ತಿತ್ತು. ಸೋಲಾಂಜ್, ನೀವೂ ಕುಡಿದ್ರಲ್ಲ, ಥ್ಯಾಂಕ್ಸ್."

ಸೋಲಾಂಜಳಿಗೆ ಆಗ ಹೊಳೆಯಿತು. ಅಯ್ಯೋ, ಎಂಥ ಕೆಲಸ ಮಾಡಿಕೊಂಡೆ! ಮುಟ್ಟದೆ ಬಿಟ್ಟಿದ್ದರೆ ತುಂಬಿದ ಹೂಜಿಯೇ ಬೇಡ ಎನ್ನುತ್ತಿತ್ತು. ತನ್ನ ಹಾಳು ಸಿಟ್ಟೇ ಈಗ ಅಪ್ಪನ ಗಿಡಗಳ ಮೇಲೆ ಯಂತ್ರ ಹಾಯಿಸಲಿತ್ತು.

ಗಾಸ್ತೊಂ ಅವಳ ತೋಳು ಹಿಡಿದು ಪಿಸುಗುಟ್ಟಿದ. "ಸುಮ್ನಿರು. ನಿವೃತ್ತಿಗೆ ಇನ್ನೊಂದೇ ವರ್ಷ ಇರೋದು. ನಾವ್ಯಾರೂ ಬಾಯಿ ಬಿಡಲ್ಲ."

"ಕೈ ತೆಗಿಯೋ!" ಎಂದು ಕೊಸರಿಕೊಂಡು ಎದ್ದು ನಿಂತಳು. "ಬಾಸ್ತಿಯಾಂ, ಇಲ್ಲಿ ನೋಡು. ಯಾರೂ ಕುಡಿದು ಖಾಲಿ ಮಾಡಿಲ್ಲ. ನಿನ್ನ ವೈನು ಅಲ್ಲಿದೆ, ಬೂದಿಲಿ. ಸುರಿದೋಳು ನಾನು."

ಅವನ ಮುಖ ಕಪ್ಪಿಟ್ಟಿತು. "ಬೇಕಂತ್ಲೇ ಸುರಿದ್ರಾ?"

"ಮತ್ತೆ? ಕೈಜಾರಿ ಬಿತ್ತು ಅಂದ್ಕೊಂಡ್ಯಾ?"

"ನಿಯಮ ಏನಂತ ನಿಮಗೆ ಗೊತ್ತು."

"ನಂಗೆ ನಿಯಮ ಹೇಳ್ಕೊಡ್ತೀಯಾ? ನೀನಿನ್ನೂ ಹಾಲುಹಲ್ಲು ಉದುರಿಸ್ಕೊಂಡು ಓಡಾಡ್ತಿದ್ದಾಗ್ಲಿಂದ ಪಾಲಿಸಿದೀನಿ. ಎನ್‌ಕಾರ್ನಾನ ಬಸ್ ಹತ್ತಿಸಿದ್ದು ಇದೇ ಕೈ. ಹೋಗ್ತೀನಿ. ಆದ್ರೆ ಅದಕ್ಕೆ ಮೊದ್ಲು ಇನ್ನೊಂದು ಹೂಜಿ ತಂದಿಡು. ಚೀಟಿ ಮೇಲೆ ಬರ್ಸಿದೀಯಲ್ಲ, ಅದೂ ನಿಯಮನೇ."

ಆರು ಜನ ಅವನನ್ನೇ ನೋಡುತ್ತಿದ್ದರು. ಬಾಸ್ತಿಯಾಂ ಹಲ್ಲು ಕಡಿಯುತ್ತ ಹೋಗಿ ಇನ್ನೊಂದು ಹೂಜಿ ತಂದು ಕುಕ್ಕಿದ. ಜೀಪಿನ ಆಚೆ ಹೋಗಿ ಬೆನ್ನು ತಿರುಗಿಸಿ ನಿಂತ. ಸೋಲಾಂಜ್ ಮೇಜಿಗೆ ಕೂರಲಿಲ್ಲ, ಅವಳೀಗ ಆಳಲ್ಲ. ಉಳಿದವರು ಬೂದಿ ಒರೆಸಿ ಸಾಸೇಜು ತಿಂದರು, ಬ್ರೆಡ್ಡು ಮುರಿದರು. ಹೂಜಿಯ ಕಡೆ ಒಂದು ಕೈಯೂ ಹೋಗಲಿಲ್ಲ. ಹುಟ್ಟಿದಾರಭ್ಯ ಊಟಕ್ಕೆ ನೀರು ಮುಟ್ಟದ ಗಾಸ್ತೊಂ, ಟ್ರ್ಯಾಕ್ಟರಿನಿಂದ ನೀರಿನ ಬಾಟಲಿ ತಂದು ಗಟಗಟ ಕುಡಿದು, "ದೇವ್ರೇ, ಏನು ಸಪ್ಪೆ ಇದು!" ಎಂದ.

ಬಾಸ್ತಿಯಾಂ ಬಂದು ತುಂಬಿದ ಹೂಜಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಫೋನು ತೆಗೆದು, ಸೋಮವಾರ ಯಾರೂ ಬರಬೇಡಿ, ಯಂತ್ರ ಒಯ್ಯಿರಿ ಎಂದ. ಸೋಲಾಂಜಳಿಗೆ ಇರಿ ಎನ್ನಲಿಲ್ಲ. ಅವಳೂ ಕೇಳಲಿಲ್ಲ.

ಸ್ವೆಟರು ಹೆಗಲಿಗೆಸೆದು, ಕತ್ತರಿ ಜೇಬಿಗಿಟ್ಟು ಹೊರಟಳು. ಎನ್‌ಕಾರ್ನಾ ಅವತ್ತು ಬಸ್ಸಿನ ಕಿಟಕಿಯಿಂದ ತಿರುಗಿ ನೋಡಿದ್ದು ನೆನಪಾಗಿ ತನ್ನನ್ನು ತಾನೇ ಶಪಿಸಿಕೊಂಡಳು. ಮನೆಯ ದಾರಿ ಕಲ್ಲುದಿಬ್ಬದ ಮೇಲೆಯೇ ಹಾಯುತ್ತದೆ. ಬೆಳಿಗ್ಗೆ ಶುರು ಮಾಡಿದ್ದ ಸಾಲು ಅರ್ಧಕ್ಕೇ ನಿಂತಿತ್ತು. ಇನ್ನು ಇದನ್ನು ಮುಗಿಸುವವರು ಯಾರು? ಆ ಬಾಸ್ತಿಯಾಂಗೆ ಯಾವ ಮೊಗ್ಗು ಬಿಡಬೇಕು, ಯಾವುದನ್ನು ಕತ್ತರಿಸಬೇಕು ಎನ್ನುವುದಾದರೂ ಗೊತ್ತೇ?

"ಮುಠ್ಠಾಳ!" ಎನ್ನುತ್ತ ಬಗ್ಗಿದಳು. ಒಂದು ಬುಡ ಮುಗಿಸಿ ಇನ್ನೊಂದಕ್ಕೆ ಹೋದಳು. ಬಾಸ್ತಿಯಾಂನನ್ನು ಬೈದಳು, ಗಾಳಿಯನ್ನು ಬೈದಳು, ಹೆಚ್ಚಾಗಿ ತನ್ನನ್ನೇ ಬೈದುಕೊಂಡಳು. ಸಂಬಳವಿಲ್ಲದ ಆ ಕೆಲಸವನ್ನು ಸಾಲು ಮುಗಿಯುವವರೆಗೂ ಬಿಡಲಿಲ್ಲ.