ಪಕ್ಕದ ಮನೆಯವರ ಅಡ್ಡಹೆಸರು

ಅಡಿಲೇಡಿನ ಸ್ಯಾಲಿಸ್‌ಬರಿಯಲ್ಲಿ ನಮ್ಮ ಪಕ್ಕದ ಮನೆಯ ಲೆಟರ್ ಬಾಕ್ಸಿನ ಮೇಲೆ ‘ವ್ರೋನಾ’ ಎಂದು ಬರೆದಿತ್ತು. ಪೋಲೆಂಡಿನಿಂದ ಬಂದು ನೆಲೆಸಿದ್ದ ಮುದುಕರೊಬ್ಬರ ಅಡ್ಡಹೆಸರು ಅದು. ಒಂಟಿ ಮನುಷ್ಯ. ಭಾನುವಾರ ನನ್ನ ಹೆಂಡತಿ ಬಿಸಿಬೇಳೆಬಾತನ್ನು ಡಬ್ಬಿಗೆ ಹಾಕಿ ನಡುವಿನ ಬೇಲಿಯ ಹಲಗೆಯ ಮೇಲಿಟ್ಟರೆ, ತಿಂದು ಡಬ್ಬಿ ತೊಳೆದು ಸಂಜೆ ವಾಪಸು ಕೊಡುತ್ತಿದ್ದರು. ಹೆಸರಿನ ಅರ್ಥ ಕೇಳಬೇಕೆಂದು ನನಗೆ ಹೊಳೆದಿರಲೇ ಇಲ್ಲ.

ಅಪ್ಪನ ವರ್ಷದ ತಿಥಿಯೂ ಭಾನುವಾರವೇ ಬಂತು. ಮೈಸೂರಿನ ಪುರೋಹಿತರು ಸ್ಕೈಪಿನಲ್ಲಿ ಮಂತ್ರ ಹೇಳಿದರು. ಇಂಡಿಯನ್ ಅಂಗಡಿಯ ಫ್ರೀಜರಿನಿಂದ ತಂದ ಬಾಳೆಲೆಯಲ್ಲಿ ಎಳ್ಳು ಬೆರೆಸಿದ ಅನ್ನದ ಉಂಡೆ, ವಡೆ ಇಟ್ಟು ಅದೇ ಹಲಗೆಗೆ ಏರಿಸಿದೆ. ಮರದ ಮೇಲೆ ಎರಡು ಕಾಗೆ ಕೂತಿದ್ದವು. ಇಲ್ಲಿನ ಕಾಗೆಗಳು ಎಳೆಮಗು ನರಳಿದ ಹಾಗೆ ಕೂಗುತ್ತವೆ. ಕೂಗಿದವು, ಇಳಿಯಲಿಲ್ಲ.

“ಹಿರಿಯರಿಗೆ ಏನೋ ಆಸೆ ಉಳಿದಿದೆ. ಅದೇನು ಅಂತ ನಿಮಗೇ ಗೊತ್ತಿರುತ್ತೆ. ಮಾತು ಕೊಟ್ಟು ಒಳಗೆ ಹೋಗಿ,” ಎಂದರು ಪುರೋಹಿತರು.

ಗೊತ್ತಿತ್ತು. ಪರ್ತಿನ ಎಲೆನ್‌ಬ್ರೂಕಿನಲ್ಲಿರುವ ತಂಗಿಯೊಡನೆ ನಾನು ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಅವಳು ಮೆಚ್ಚಿದ ಹುಡುಗನನ್ನು ಅಪ್ಪ ಒಪ್ಪಿದರು, ನಾನು ಒಪ್ಪಲಿಲ್ಲ, ಮದುವೆಗೂ ಹೋಗಲಿಲ್ಲ. “ಅವಳಿಗೊಂದು ಫೋನ್ ಮಾಡೋ” ಎಂಬುದೇ ಅಪ್ಪ ನನಗೆ ಹೇಳಿದ ಕೊನೆಯ ಮಾತು. ಅವರು ಹೋದ ಮೇಲೆ ಆ ದನಿ ಕಾರಿನಲ್ಲಿ, ಆಫೀಸಿನ ಲಿಫ್ಟಿನಲ್ಲಿ, ಕಿವಿಯ ಪಕ್ಕದಲ್ಲೇ ಕೇಳುತ್ತಿತ್ತು. ಭಯವಾಗುತ್ತಿತ್ತು.

“ಮಾಡ್ತೀನಪ್ಪಾ,” ಎಂದು ಎಲೆಗೆ ಕೈಮುಗಿದು ಒಳಗೆ ಬಂದೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಹಲಗೆ ಖಾಲಿ, ಎಲೆಯೂ ಇಲ್ಲ. ಅಳು ಬಂದುಬಿಟ್ಟಿತು. ಆದರೂ ಊಟವಾಗಲಿ, ಕಾಫಿಯಾಗಲಿ ಎಂದು ಫೋನನ್ನು ಮುಂದೂಡುತ್ತಲೇ ಇದ್ದೆ.

ಸಂಜೆ ಬಾಗಿಲು ತೆರೆದರೆ ಪಕ್ಕದ ಮನೆಯವರು. ಕೈಯಲ್ಲಿ ಬಾಳೆಲೆ. ತೊಳೆದು, ಒರೆಸಿ, ನಾಲ್ಕಾಗಿ ಮಡಿಸಿದ್ದರು.

“ತುಂಬಾ ಚೆನ್ನಾಗಿತ್ತು. ಅನ್ನಕ್ಕೆ ಮಾತ್ರ ಉಪ್ಪು ಮರೆತಿದ್ದೀರಿ.”

ನನಗೆ ಗಾಬರಿಯಾಯಿತು. ಹೇಳಲು ನಾಚಿಕೆ, ಒಳಗೊಳಗೇ ಹಗುರವೂ ಆಯಿತು. ತಿಂದದ್ದು ಕಾಗೆಯಲ್ಲ, ಹಾಗಾದರೆ ಕೊಟ್ಟ ಮಾತೂ ಲೆಕ್ಕಕ್ಕಿಲ್ಲ. ಅದು ತೀರಿಕೊಂಡ ಅಪ್ಪನಿಗಾಗಿ ಕಾಗೆಗೆ ಇಟ್ಟ ಎಡೆ ಎಂದು ತಿಳಿಸಿ, ಕ್ಷಮಿಸಿ ಎಂದೆ.

ಅವರು ತಮ್ಮ ಲೆಟರ್ ಬಾಕ್ಸಿನ ಕಡೆ ಕೈ ತೋರಿಸಿದರು. “ವ್ರೋನಾ ಅಂದ್ರೆ ನಮ್ಮ ಭಾಷೇಲಿ ಕಾಗೆ,” ಎಂದರು.

ಯಾವ ಕಾಲದಲ್ಲೋ ಅವರ ಹಿರಿಯನೊಬ್ಬನಿಗೆ ಕಪ್ಪು ಕೂದಲಿತ್ತಂತೆ. ಬಾಯಿ ಜೋರಿದ್ದೂ ಇರಬಹುದು, ಅವರಿಗೂ ಸರಿಯಾಗಿ ಗೊತ್ತಿಲ್ಲ. ಊರವರು ಕರೆದ ಹೆಸರೇ ಚರ್ಚಿನ ಪುಸ್ತಕಕ್ಕೂ ಹತ್ತಿ, ಮಕ್ಕಳು ಮೊಮ್ಮಕ್ಕಳಿಗೆಲ್ಲ ಅಂಟಿಕೊಂಡಿತು.

“ನನಗೆ ಮಕ್ಕಳಿಲ್ಲ. ನಮ್ಮ ಮನೆತನದಲ್ಲಿ ನಾನೇ ಕೊನೇ ಕಾಗೆ,” ಎಂದು ನಕ್ಕರು. ಮೆಟ್ಟಿಲಿಳಿಯುತ್ತಾ ತಿರುಗಿ, “ತಿಂಡಿ ತಿಂದಿದ್ದೆ. ಆದರೂ ಇವತ್ತು ಯಾಕೋ ವಿಪರೀತ ಹಸಿವು,” ಎಂದರು.

ಬಾಗಿಲು ಹಾಕಿ ಪರ್ತಿಗೆ ಫೋನ್ ಮಾಡಿದೆ. ಎರಡನೇ ರಿಂಗಿಗೇ ಎತ್ತಿದಳು.

“ಅಣ್ಣಾ,” ಎಂದಳು. ಆಮೇಲೆ, “ಕಾಗೆ ಬಂತಾ?”

ನಾನು ಕೈಯಲ್ಲಿದ್ದ ಎಲೆಯನ್ನು ನೋಡಿದೆ.

“ಬಂತು ಕಣೇ. ಪೂರ್ತಿ ತಿಂತು.”